ಮನೆಶಿಕ್ಷಣ: ಎರಡು ಪದ್ಧತಿ, ಒಂದೇ ದಿನಚರಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ, ಅಂದರೆ ಹೋಂ ಸ್ಕೂಲಿಂಗ್ ಮಾಡುವ ತಾಯ್ತಂದೆಯರ ನಡುವೆ ಎರಡು ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರದು. ಇನ್ನೊಂದು ಇಂಗ್ಲೆಂಡಿನ ಶಿಕ್ಷಕಿ ಷಾರ್ಲಟ್ ಮೇಸನ್ ಅವರದು. ಎರಡರಲ್ಲಿಯ ಒಳಿತೂ ಮಗುವಿಗೆ ದಕ್ಕಲಿ ಎಂದು ಹೊರಟವರಲ್ಲಿ ಅನೇಕರು ಬೇಗನೆ ದಣಿಯುತ್ತಾರೆ. ಅದಕ್ಕೆ ಶ್ರದ್ಧೆಯ ಕೊರತೆ ಕಾರಣವಲ್ಲ. ಎರಡೂ ಪದ್ಧತಿಗಳು ಬೇಡುವುದು ಬೆಳಗಿನ ಅದೇ ಹೊತ್ತನ್ನು.

ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಪದ್ಧತಿಯಲ್ಲಿ ಮಗು ತನಗೆ ಬೇಕಾದ ಉಪಕರಣವನ್ನು ತಾನೇ ಆರಿಸಿಕೊಂಡು ಸುಮಾರು ಮೂರು ಗಂಟೆ ಅಡೆತಡೆಯಿಲ್ಲದೆ ತೊಡಗಿರಬೇಕು. ದೊಡ್ಡವರು ದೂರ ನಿಂತು ಗಮನಿಸಬೇಕು. ಮೇಸನ್ 1886ರಷ್ಟು ಹಿಂದೆಯೇ ಮನೆಶಿಕ್ಷಣದ ಬಗ್ಗೆ ಗ್ರಂಥ ಬರೆದವರು. ಚಿಕ್ಕ ಮಕ್ಕಳಿಗೆ ಅವರು ಹೇಳಿದ್ದು ಹದಿನೈದು-ಇಪ್ಪತ್ತು ನಿಮಿಷಗಳ ಪುಟ್ಟ ಪಾಠಗಳು, ಒಳ್ಳೆಯ ಪುಸ್ತಕದ ಓದು, ಒಮ್ಮೆ ಕೇಳಿದ್ದನ್ನು ಮಗು ತನ್ನದೇ ಮಾತಿನಲ್ಲಿ ಹೇಳುವ ಕಥನ ಮತ್ತು ಬಯಲಿನ ತಿರುಗಾಟ. ಆರು ವರ್ಷಕ್ಕೆ ಮುಂಚೆ ವಿಧಿವತ್ತಾದ ಪಾಠವೇ ಬೇಡ ಎಂಬುದು ಅವರ ನಿಲುವು. ಮಾಂಟೆಸ್ಸರಿಯವರಾದರೋ ನಾಲ್ಕರ ಮಗುವಿನ ಕೈಗೆ ಮರಳುಕಾಗದದ ಅಕ್ಷರಗಳನ್ನು ಕೊಡುತ್ತಾರೆ. ಹೊಸ ಪದ್ಧತಿ ಇಂಗ್ಲೆಂಡಿಗೆ ಕಾಲಿಟ್ಟಾಗ ಮೇಸನ್ ಅದನ್ನು ಬಹಿರಂಗವಾಗಿಯೇ ಟೀಕಿಸಿದ್ದರು. ಈ ಜಗಳ ತಿಳಿಯದವರು ಎರಡನ್ನೂ ಇಡಿಯಾಗಿ ಮನೆಗೆ ತಂದು, ಜಗಳವನ್ನೂ ಜೊತೆಗೇ ತಂದಂತಾಗುತ್ತದೆ.

ಬೆರಕೆ ಕೆಲಸ ಮಾಡಬೇಕಾದರೆ ತಾಯ್ತಂದೆಯರ ಶ್ರಮ ಎಲ್ಲಿ ವ್ಯಯವಾಗುತ್ತದೆಂಬುದನ್ನು ಮೊದಲು ನೋಡಬೇಕು. ಮಾಂಟೆಸ್ಸರಿಯಲ್ಲಿ ಬಹುಪಾಲು ಶ್ರಮ ಪಾಠಕ್ಕೆ ಮುಂಚೆಯೇ ಆಗುತ್ತದೆ: ಉಪಕರಣ ಹೊಂದಿಸುವುದು, ಒರೆಸಿಡುವುದು, ಬಳಸುವ ರೀತಿ ತೋರಿಸುವುದು. ಮೇಸನ್ ಪದ್ಧತಿಗೆ ಪೂರ್ವಸಿದ್ಧತೆ ಕಡಿಮೆ, ಆದರೆ ಪಾಠದ ಹೊತ್ತಿನಲ್ಲಿ ಓದುವವರು ಅಲುಗುವಂತಿಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಈ ವ್ಯತ್ಯಾಸವೇ ವರವಾಗಬಲ್ಲದು. ಕಿರಿಯ ಮಗು ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಲೋ ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಲೋ ಮೈಮರೆತಿರುವಾಗ, ಹಿರಿಯ ಮಗುವಿಗೆ ಇಪ್ಪತ್ತು ನಿಮಿಷ ಓದಿ ಹೇಳಬಹುದು. ಅಡುಗೆಮನೆಯ ಇಂಥ ಕೆಲಸಗಳೂ ಮಾಂಟೆಸ್ಸರಿಯವರ ಪಠ್ಯಕ್ರಮದ ಭಾಗವೇ. ದುಬಾರಿ ಪೆಟ್ಟಿಗೆಗಳನ್ನು ಕೊಳ್ಳಲೇಬೇಕೆಂದಿಲ್ಲ.

ಆರರ ನಂತರ ವಿಷಯವಾರು ಹಂಚಿಕೆ ಹೆಚ್ಚು ನೆಮ್ಮದಿಯದು. ಗಣಿತವನ್ನು ಮಾಂಟೆಸ್ಸರಿಗೆ ಬಿಡಬಹುದು. ಬಿಡಿ ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ. ಹತ್ತು ಬಿಡಿ ಮಣಿ ಕೊಟ್ಟು ಒಂದು ಸರ ಪಡೆದ ಮಗುವಿಗೆ 'ದಶಕ'ವೆಂದರೇನೆಂದು ಬೇರೆ ವಿವರಿಸಬೇಕಿಲ್ಲ. ಭಾಷೆ, ಇತಿಹಾಸ, ನಿಸರ್ಗಪಾಠಗಳು ಮೇಸನ್ ದಾರಿಯಲ್ಲಿ ಸಾಗಲಿ. ವಿಷಯವನ್ನು ಪ್ರೀತಿಸಿದ ಒಬ್ಬರೇ ಬರೆದ ಪುಸ್ತಕ ಬೇಕೆಂಬ ಅವರ ಷರತ್ತಿಗೆ ಕನ್ನಡದಲ್ಲಿ ನೆನಪಾಗುವುದು ಶಿವರಾಮ ಕಾರಂತರ 'ಬಾಲ ಪ್ರಪಂಚ'. ನಿಸರ್ಗಪಾಠಕ್ಕೆ ಬೀದಿಬದಿಯ ಹೊಂಗೆ ಮರ ಸಾಕು. ಎಲೆ ಉದುರಿ ಯುಗಾದಿಯ ಸುಮಾರಿಗೆ ಚಿಗುರುವುದನ್ನು ವಾರಕ್ಕೊಮ್ಮೆ ಚಿತ್ರಿಸಿದರಾಯಿತು.

ಇದರಲ್ಲಿ ನಷ್ಟವಿಲ್ಲದಿಲ್ಲ. ಮೂರು ಗಂಟೆಯ ಅಖಂಡ ತೊಡಗುವಿಕೆ ಒಂದೂವರೆ ಗಂಟೆಗೆ ಇಳಿದೀತು, ಮೇಸನ್ ಸೂಚಿಸಿದ ಹತ್ತಾರು ವಿಷಯಗಳು ನಾಲ್ಕಕ್ಕೆ ಇಳಿದಾವು. ಅದನ್ನು ಮೊದಲೇ ಒಪ್ಪಿಕೊಂಡವರಿಗೆ ಸಂಜೆಯ ಅಪರಾಧಿ ಭಾವ ಕಾಡುವುದಿಲ್ಲ.

ಪರೀಕ್ಷೆಯ ಪ್ರಶ್ನೆ ಮಾತ್ರ ಬೇರೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಶಿಕ್ಷಣದ ಪ್ರಸ್ತಾಪವೇ ಇಲ್ಲ. ಇಂಥ ಮಕ್ಕಳಲ್ಲಿ ಹಲವರು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಬರೆಯುತ್ತಾರೆ. ಅದಕ್ಕೆ ಕನಿಷ್ಠ 14 ವರ್ಷ ತುಂಬಿರಬೇಕು, ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಆದ್ದರಿಂದ ಹನ್ನೆರಡರ ಸುಮಾರಿಗೆ ಮಣಿಸರ ಕಪಾಟು ಸೇರಿ, ಆ ಹೊತ್ತಿನಲ್ಲಿ ಪಠ್ಯಪುಸ್ತಕ ತೆರೆದುಕೊಳ್ಳಬೇಕಾಗುತ್ತದೆ. ಕಥನವನ್ನು ಮಾತ್ರ ಬಿಡಬೇಕಾಗಿಲ್ಲ; ಬಾಯಲ್ಲಿ ಹೇಳುತ್ತಿದ್ದುದನ್ನು ಮಗು ಬರೆಯತೊಡಗಿದರೆ ಉತ್ತರಪತ್ರಿಕೆಯ ಅಭ್ಯಾಸವೂ ಅಲ್ಲಿಯೇ ಆಗುತ್ತದೆ.