ಸಹಿ ಹಾಕುವ ಮೊದಲು, ಗುಳಿಗೆ ಕೊಳ್ಳುವ ಮೊದಲು

ಹೋದ ವರ್ಷ ಶೇಂಗಾ ಕಿತ್ತು ಮನೆಗೆ ತಂದ ಮೇಲೆ ನನ್ನ ಹಿರೀ ಮಗ ಒಂದು ಮಾತು ತೆಗೆದ. "ಅಪ್ಪಾ, ಜಮೀನು ನಮ್ಮಿಬ್ಬರ ಹೆಸರಿಗೆ ಮಾಡಿಬಿಡು. ಈ ವಯಸ್ಸಲ್ಲಿ ಬ್ಯಾಂಕು, ಆಫೀಸು ಅಂತ ನೀನ್ಯಾಕೆ ಓಡಾಡಬೇಕು?" ಮಗ ಕೆಟ್ಟವನಲ್ಲ. ಆದರೂ ನಾನು ಹೂಂ ಅನ್ನಲಿಲ್ಲ. ಕಾರಣ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಕೂಲಿ ಮಾಡಿ ಕೊಂಡ ಹೊಲ ಐದು ಎಕರೆ. 2017ರಲ್ಲಿ ಅದನ್ನು ಒಬ್ಬನೇ ಮಗನಿಗೆ ದಾನಪತ್ರ ಮಾಡಿಕೊಟ್ಟರು. ಮಗ ಎರಡು ಬೋರು ಕೊರೆಸಿದ, ಎರಡರಲ್ಲೂ ಬರೀ ಧೂಳು. ಸಾಲ ತೀರಿಸಲು ಮೂರು ಎಕರೆ ಮಾರಿದ, ಹೆಂಡತಿ ಮಕ್ಕಳ ಜೊತೆ ಬೆಂಗಳೂರಿಗೆ ಹೋದ. ಮೊದಮೊದಲು ದುಡ್ಡು ಕಳಿಸುತ್ತಿದ್ದ, ಆಮೇಲೆ ನಿಂತಿತು. ಐದು ಎಕರೆ ಇದ್ದ ಮನುಷ್ಯ ಬಿಪಿ ಗುಳಿಗೆಗೆ ನನ್ನ ಹತ್ತಿರ ನೂರು ರೂಪಾಯಿ ಕೇಳುವಾಗ ತಲೆ ಎತ್ತುತ್ತಿರಲಿಲ್ಲ.

ಒಂದು ಸಾಲಿನ ಬೆಲೆ

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಕಾಯ್ದೆ ಬಂದಿದೆ. ನಮ್ಮಲ್ಲಿ ಉಪವಿಭಾಗಾಧಿಕಾರಿ, ಅಂದರೆ ನಾವು ಎಸಿ ಸಾಹೇಬರು ಅನ್ನುವವರು, ಇದನ್ನು ವಿಚಾರಣೆ ಮಾಡುತ್ತಾರೆ. ಈ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು.

ದೊಡ್ಡಪ್ಪನನ್ನು ಕರಕೊಂಡು ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಪತ್ರದಲ್ಲಿ ಷರತ್ತು ಬರೆಸಿದ್ದೀರಾ?" ಬರೆಸಿರಲಿಲ್ಲ. "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಅಂತ ಮಾತ್ರ ಇತ್ತು. ಷರತ್ತು ಇರಬೇಕು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹೊಲ ವಾಪಸು ಬರಲಿಲ್ಲ. ಆದರೆ ಪೋಷಣೆಯ ಖರ್ಚು ಕೇಳುವುದಕ್ಕೆ ಷರತ್ತು ಬೇಕಿಲ್ಲ. ತಿಂಗಳಿಗೆ 3000 ರೂಪಾಯಿ ಕೊಡಬೇಕೆಂದು ಮಗನಿಗೆ ಆದೇಶ ಆಯಿತು.

ಈ ಅರ್ಜಿಗೆ ವಕೀಲರನ್ನು ಹಿಡಿಯುವ ಗೋಜಿಲ್ಲ. ನಾವೇ ಬಿಳೀ ಹಾಳೆಯಲ್ಲಿ ಬರೆದುಕೊಟ್ಟೆವು. ಯಾರನ್ನು ಕೇಳಬೇಕೋ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಮಾಡಿ. ಬೇರೆ ಕೋರ್ಟು ವ್ಯವಹಾರ ಬಂದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ವರಮಾನ ಕಮ್ಮಿ ಇರುವವರಿಗೆ ಅಲ್ಲಿ ವಕೀಲರು ಪುಕ್ಕಟೆ.

ದಾನಪತ್ರವೋ, ವಿಲ್ಲೋ?

ದಾನಪತ್ರ ರಿಜಿಸ್ಟರ್ ಆದ ದಿನವೇ ಹೊಲ ಕೈಬಿಟ್ಟಂತೆ. ಮನಸ್ಸು ಬದಲಾಯಿತು ಅಂತ ವಾಪಸು ಪಡೆಯಲು ಬರುವುದಿಲ್ಲ. ವಿಲ್ ಹಾಗಲ್ಲ, ನಾವು ಕಣ್ಣು ಮುಚ್ಚಿದ ಮೇಲೆ ಜಾರಿಗೆ ಬರುತ್ತದೆ. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಅದಕ್ಕೆ ಸ್ಟಾಂಪು ಬೇಡ, ಬಿಳೀ ಹಾಳೆ ಸಾಕು. ನಮ್ಮ ಸಹಿ, ನಾವು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ರಿಜಿಸ್ಟರ್ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ಜಗಳ ಕಮ್ಮಿ. ಪಿತ್ರಾರ್ಜಿತವಾದರೆ ನಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು. ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ, ಮರೆಯಬೇಡಿ.

ಈಗಲೇ ಕೊಡಬೇಕು ಅಂತಿದ್ದರೆ ಕೊಡಿ. ಆದರೆ "ಊಟ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದರೆ ಈ ಪತ್ರ ರದ್ದು" ಅಂತ ಬರೆಸಿ. ಪತ್ರ ಬರೆಯುವವರು ತಾವಾಗಿ ಹಾಕುವುದಿಲ್ಲ, ನಾವೇ ಹೇಳಬೇಕು.

ಗುಳಿಗೆ ದುಡ್ಡು

ನಮ್ಮವ್ವನಿಗೆ ಬಿಪಿ, ಶುಗರ್ ಎರಡೂ ಇದೆ. ತಿಂಗಳಿಗೆ 650 ರೂಪಾಯಿ ಗುಳಿಗೆಗೇ ಹೋಗುತ್ತಿತ್ತು. ಒಂದು ಸಲ ಡಾಕ್ಟರನ್ನೇ ಕೇಳಿದೆ, "ಸಾರ್, ಕಂಪನಿ ಹೆಸರು ಬಿಟ್ಟು ಔಷಧಿ ಹೆಸರು ಬರೆದುಕೊಡ್ತೀರಾ?" ಬೇಸರ ಮಾಡದೆ ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಅಂತ ಬರೆದುಕೊಟ್ಟರು. ಆ ಚೀಟಿ ಹಿಡಿದು ಜನೌಷಧಿ ಅಂಗಡಿಗೆ ಹೋದರೆ ಅದೇ ಔಷಧಿ, ಅದೇ ಮಿಲಿಗ್ರಾಂ, 140 ರೂಪಾಯಿಗೆ ಬಂತು. ವರ್ಷಕ್ಕೆ ಆರು ಸಾವಿರ ಉಳಿತಾಯ, ನನಗದು ಶೇಂಗಾ ಬೀಜದ ದುಡ್ಡು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾಸ್ತಾನು ಇದ್ದಾಗ ಇವನ್ನೇ ಪುಕ್ಕಟೆ ಕೊಡುತ್ತಾರೆ. ಮೊದಲು ಅಲ್ಲಿ ಕೇಳಿ. ಆದರೆ ನಾವೇ ಗುಳಿಗೆ ಬದಲಾಯಿಸುವುದು, ಒಂದು ದಿನ ಬಿಟ್ಟು ಒಂದು ದಿನ ನುಂಗುವುದು ಉಳಿತಾಯ ಅಲ್ಲ. ಲಕ್ವ ಹೊಡೆದರೆ ಹೊಲವೇ ಹೋದೀತು.

ನಾನೂ ದಡ್ಡತನ ಮಾಡಿದ್ದೇನೆ. ಅವ್ವನ ಕಣ್ಣಿನ ಪೊರೆ ತೆಗೆಸಲು ಖಾಸಗಿ ಆಸ್ಪತ್ರೆಗೆ 22 ಸಾವಿರ ಕಟ್ಟಿದೆ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಎರಡನೇ ಕಣ್ಣು ಅಲ್ಲೇ ಆಯಿತು, ಚೆನ್ನಾಗಿಯೇ ಕಾಣುತ್ತದೆ.

ದೊಡ್ಡ ಕಾಯಿಲೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು. ನೇರವಾಗಿ ಖಾಸಗಿಗೆ ಹೋಗಿ ದುಡ್ಡು ಕಟ್ಟಿದ ಮೇಲೆ ಕಾರ್ಡು ತೋರಿಸಿ ಪ್ರಯೋಜನವಿಲ್ಲ.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1200 ರೂಪಾಯಿ. ಸಣ್ಣ ರೈತರಿಗೂ ಉಂಟು. ಅರ್ಜಿ ನಾಡಕಚೇರಿಯಲ್ಲಿ, ಮಧ್ಯದವರಿಗೆ ಸಾವಿರ ಕೊಡುವುದು ಬೇಡ. ದೊಡ್ಡಪ್ಪನಿಗೆ ಅದೂ ಈಗ ಬರುತ್ತಿದೆ.

ಕೊನೆಗೆ ಮಗನಿಗೆ ಹೇಳಿದೆ, "ಸಾಲಕ್ಕೆ ನಾನೇ ಬ್ಯಾಂಕಿಗೆ ಬಂದು ಸಹಿ ಹಾಕ್ತೀನಿ. ಹೊಲ ಉತ್ತು ಬೆಳಕೋ. ಪಹಣಿ ಮಾತ್ರ ಸದ್ಯಕ್ಕೆ ನನ್ನ ಹೆಸರಲ್ಲೇ ಇರಲಿ." ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ದೊಡ್ಡಪ್ಪ ನಮ್ಮ ಜಗಲಿ ಮೇಲೆ ಕೂತು ರೊಟ್ಟಿ ತಿನ್ನುವುದನ್ನು ನೋಡಿದ. ಆಮೇಲೆ ಆ ಮಾತು ಎತ್ತಲಿಲ್ಲ. ವಿಲ್ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಎಲ್ಲಿದೆ ಅಂತ ನನ್ನ ಹೆಂಡತಿಗೆ ಗೊತ್ತು.