ನಿಮಗಿದು ಗೊತ್ತೇ? ಪುಟ್ಟ ವಿಮಾನದ ಆಲ್ಟರ್ನೇಟರ್, ಆಯಿಲ್ ಫಿಲ್ಟರ್

ಕಾರು ಕೆಟ್ಟರೆ ರಸ್ತೆ ಬದಿಗೆ ತಳ್ಳಿ ನಿಲ್ಲಿಸಬಹುದು. ಆಕಾಶದಲ್ಲಿ ಅಂಥ ಬದಿ ಇಲ್ಲ. ಅದಕ್ಕೇ ಪುಟ್ಟ ವಿಮಾನದಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಮತ್ತು ಎಂಜಿನ್ ಎಣ್ಣೆ ಸೋಸುವ ಆಯಿಲ್ ಫಿಲ್ಟರ್‌ಗೆ ಅಷ್ಟು ಮರ್ಯಾದೆ.

● 1903ರಲ್ಲಿ ರೈಟ್ ಸಹೋದರರ ವಿಮಾನ ಹಾರಿದಾಗ ಅದರಲ್ಲಿ ಬ್ಯಾಟರಿಯೇ ಇರಲಿಲ್ಲ! ಎಂಜಿನ್ ಶುರು ಮಾಡಲು ಬಳಸಿದ ಬ್ಯಾಟರಿ ನೆಲದಲ್ಲೇ ಉಳಿಯಿತು. ಹಾರುವಾಗ ಕಿಡಿ ಕೊಟ್ಟಿದ್ದು, ಬ್ಯಾಟರಿಯ ಹಂಗಿಲ್ಲದೆ ತಾನೇ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ.

● ಸೆಸ್ನಾ 172ರಂಥ ವಿಮಾನಗಳು ಇಂದಿಗೂ ಮ್ಯಾಗ್ನೆಟೊವನ್ನೇ ನಂಬಿವೆ. ಎಂಜಿನ್ನಿಗೆ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್. ಆಲ್ಟರ್ನೇಟರ್ ಕೈಕೊಟ್ಟರೂ ಎಂಜಿನ್ ನಿಲ್ಲದು. ಆದರೆ ಬ್ಯಾಟರಿ ಬರಿದಾದೊಡನೆ ರೇಡಿಯೊ ಮೂಕವಾಗುತ್ತದೆ, ದೀಪ ಆರುತ್ತದೆ. ರಾತ್ರಿ ಹಾರಾಟದಲ್ಲಿ ಇದು ಸಣ್ಣ ಮಾತಲ್ಲ.

● 1960ರ ದಶಕಕ್ಕೂ ಮುಂಚಿನ ಪುಟ್ಟ ವಿಮಾನಗಳಲ್ಲಿ ಆಲ್ಟರ್ನೇಟರ್ ಬದಲು ಇದ್ದದ್ದು ಡೈನಮೋ. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಕರೆಂಟು ಕೊಡುವುದೇ ಕಡಿಮೆ. ರನ್‌ವೇಗೆ ಸರದಿ ಕಾಯುತ್ತ ನಿಂತರೆ ದೀಪ, ರೇಡಿಯೊ ಎಲ್ಲವೂ ಬ್ಯಾಟರಿಯನ್ನೇ ಹೀರುತ್ತವೆ. ಕಡಿಮೆ ವೇಗದಲ್ಲೂ ಕರೆಂಟು ಕೊಡುವುದು ಆಲ್ಟರ್ನೇಟರ್‌ನ ಹೆಚ್ಚುಗಾರಿಕೆ.

● ಡೈನಮೋದ ಕಾರ್ಬನ್ ಬ್ರಷ್‌ಗಳು ಉತ್ಪತ್ತಿಯಾದ ಅಷ್ಟೂ ಕರೆಂಟನ್ನು ಹೊರಬೇಕು. ಆಲ್ಟರ್ನೇಟರ್‌ನ ಬ್ರಷ್ ಹೊರುವುದು ಒಳಗಿನ ಸುರುಳಿಯನ್ನು ಅಯಸ್ಕಾಂತವಾಗಿಸುವಷ್ಟು ಅಲ್ಪ ಕರೆಂಟನ್ನು ಮಾತ್ರ. ಹಾಗಾಗಿ ಸವೆತವೂ ಕಡಿಮೆ.

● ಒಂದು ವಿಷಯದಲ್ಲಿ ಮಾತ್ರ ಡೈನಮೋ ಮೇಲು. ಅದರ ಕಬ್ಬಿಣದಲ್ಲಿ ಉಳಿದ ತುಸು ಅಯಸ್ಕಾಂತ ಶಕ್ತಿಯಿಂದಲೇ ಅದು ತಾನಾಗಿ ಚುರುಕಾಗುತ್ತದೆ. ಸಾಮಾನ್ಯ ಆಲ್ಟರ್ನೇಟರ್‌ಗೆ ಮೊದಲ ಹನಿ ಕರೆಂಟನ್ನು ಬ್ಯಾಟರಿಯೇ ಕೊಡಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ, ಪ್ರೊಪೆಲರ್ ಕೈಯಲ್ಲಿ ತಿರುಗಿಸಿ ಎಂಜಿನ್ ಶುರು ಮಾಡಿದರೂ ಚಾರ್ಜ್ ಆಗದು.

● ಹಳೆಯ ಎಷ್ಟೋ ಸೆಸ್ನಾಗಳ ಆಲ್ಟರ್ನೇಟರ್ ಫೋರ್ಡ್‌ನದು, ಪೈಪರ್ ವಿಮಾನಗಳದು ಕ್ರೈಸ್ಲರ್‌ನದು. ಎರಡೂ ಕಾರು ಕಂಪನಿಗಳೇ! ಹಾಗೆಂದು ಕಾರಿನ ಅಂಗಡಿಯಿಂದ ತಂದು ಜೋಡಿಸುವಂತಿಲ್ಲ. ಅಮೆರಿಕದಲ್ಲಿ ಮೂಲ ವಿನ್ಯಾಸದಲ್ಲಿಲ್ಲದ ಆಲ್ಟರ್ನೇಟರ್ ಹಾಕಬೇಕಾದರೆ ಸಾಮಾನ್ಯವಾಗಿ ಆ ಮಾದರಿಯ ವಿಮಾನಕ್ಕೆಂದೇ ವಿಮಾನಯಾನ ಇಲಾಖೆ ಕೊಟ್ಟ ಪೂರಕ ಪ್ರಮಾಣಪತ್ರ ಬೇಕು. ಕಾಗದಪತ್ರವೂ ಸುರಕ್ಷತೆಯ ಭಾಗವೇ.

● ಹೊಸ ಆಲ್ಟರ್ನೇಟರ್‌ಗಳು ಹಳೆಯ ಡೈನಮೋಗಿಂತ ಕೆಲವು ಕಿಲೋ ಹಗುರ. ಆದರೆ ಮೂತಿಯ ತೂಕ ಇಳಿದರೆ ವಿಮಾನದ ಸಮತೋಲ ಬಿಂದು ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ತೂಕದ ಲೆಕ್ಕವನ್ನು ಹೊಸದಾಗಿ ಬರೆದಿಡಲೇಬೇಕು.

● ಪುಟ್ಟ ವಿಮಾನಗಳ ಎಷ್ಟೋ ಲೈಕಮಿಂಗ್ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ಬೆಲ್ಟ್ ಇರುವುದು ಪ್ರೊಪೆಲರ್‌ನ ಬೆನ್ನಿಗೆ. ಒಂದು ಬೆಲ್ಟ್ ಬದಲಿಸಲು ಇಡೀ ಪ್ರೊಪೆಲರನ್ನೇ ಬಿಚ್ಚಬೇಕು!

● ಆಧುನಿಕ ಆಯಿಲ್ ಫಿಲ್ಟರ್ ಬಂದದ್ದು 1923ರಲ್ಲಿ, ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಅವರಿಂದ, ಕಾರುಗಳಿಗಾಗಿ. ‘ಪ್ಯೂರ್ ಆಯಿಲ್ ಲೇಟರ್’ ಎಂಬುದನ್ನೇ ಕುಗ್ಗಿಸಿ ‘ಪ್ಯೂರೊಲೇಟರ್’ ಎಂದು ಹೆಸರಿಟ್ಟರು.

● ಎಷ್ಟೋ ಹಳೆಯ ವಿಮಾನಗಳಲ್ಲಿ ಫಿಲ್ಟರ್ ಇಲ್ಲ, ಬರೀ ತಂತಿ ಜಾಲರಿ. ಅದು ದಪ್ಪ ಕಸವನ್ನಷ್ಟೇ ಹಿಡಿಯುತ್ತದೆ. ಜಾಲರಿ ಮಾತ್ರ ಇದ್ದರೆ 25 ಗಂಟೆ ಹಾರಾಟಕ್ಕೊಮ್ಮೆ, ಪೂರ್ಣ ಫಿಲ್ಟರ್ ಇದ್ದರೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಿ ಎನ್ನುತ್ತದೆ ಎಂಜಿನ್ ತಯಾರಕ ಲೈಕಮಿಂಗ್. ಹಾರದೆ ನಿಂತಿದ್ದರೂ 4 ತಿಂಗಳು ಮೀರುವಂತಿಲ್ಲ.

● ಹಾರದ ವಿಮಾನಕ್ಕೆ ಯಾಕೆ ಹೊಸ ಆಯಿಲ್? ಹಳೆಯ ಆಯಿಲಿನಲ್ಲಿ ನೀರಿನಂಶ, ಆಮ್ಲ ಸೇರಿರುತ್ತವೆ. ಮೇಲಾಗಿ ಲೈಕಮಿಂಗ್ ಎಂಜಿನ್‌ಗಳ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ನಿಂತಲ್ಲೇ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ.

● ತೆಗೆದ ಫಿಲ್ಟರನ್ನು ಬಿಸಾಡುವುದಿಲ್ಲ, ಕತ್ತರಿಸಿ ಓದುತ್ತಾರೆ! ಒಳಗಿನ ಮಡಿಕೆ ಕಾಗದ ಬಿಡಿಸಿ, ಸಿಕ್ಕ ಚೂರುಗಳಿಗೆ ಅಯಸ್ಕಾಂತ ಹಿಡಿಯುತ್ತಾರೆ. ಅಂಟಿದರೆ ಉಕ್ಕು. ಕ್ಯಾಮ್, ಟ್ಯಾಪೆಟ್ ಅಥವಾ ಸಿಲಿಂಡರ್ ಗೋಡೆ ಸವೆದಿರಬಹುದು. ಅಂಟದೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಪಿಸ್ಟನ್ ಪಿನ್ನಿನ ಪ್ಲಗ್ ಇರಬಹುದು. ಕಂಚಿನ ಬಣ್ಣವಾದರೆ ಬುಷ್ ಕಡೆ ಬೆರಳು ತೋರಿಸುತ್ತದೆ. ರಕ್ತಪರೀಕ್ಷೆಯ ಹಾಗೆ, ಕಾಯಿಲೆ ಬಲಿಯುವ ಮೊದಲೇ ಸುಳಿವು ಸಿಗುತ್ತದೆ.

● ಹೊಸ ಫಿಲ್ಟರನ್ನು ಕೈಯಳತೆಯಲ್ಲಿ ಬಿಗಿದು ಬಿಡುವುದಿಲ್ಲ. ಟಾರ್ಕ್ ಅಳೆದು ಬಿಗಿದು, ನಡುಕಕ್ಕೆ ಸಡಿಲವಾಗದಂತೆ ಸೇಫ್ಟಿ ವೈರ್ ಕಟ್ಟುತ್ತಾರೆ. ಫಿಲ್ಟರ್ ಕಳಚಿದರೆ ಎಂಜಿನ್ನಿನ ಆಯಿಲ್ ಎಲ್ಲ ಹೊರಗೆ!

● ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಪುಟ್ಟ ತರಬೇತಿ ವಿಮಾನ ಹಂಸ-ಎನ್‌ಜಿ ಮೊದಲು ಹಾರಿದ್ದು 2021ರ ಸೆಪ್ಟೆಂಬರ್ 3ರಂದು. ಅದರ ರೋಟಾಕ್ಸ್ 912 ಐಎಸ್ ಎಂಜಿನ್ನಿನಲ್ಲಿ ಕಿಡಿ, ಇಂಧನ ಎರಡನ್ನೂ ನಡೆಸುವುದು ಎಲೆಕ್ಟ್ರಾನಿಕ್ಸ್. ಕರೆಂಟು ಹೋದರೆ ಎಂಜಿನ್ನೇ ನಿಂತೀತು. ಅದಕ್ಕೇ ಒಳಗೆ ಎರಡು ಜನರೇಟರ್‌ಗಳಿವೆ. ಎಂಜಿನ್ ನೋಡಿಕೊಳ್ಳುವ ಜನರೇಟರ್ ಕೆಟ್ಟರೆ ಇನ್ನೊಂದು ಆ ಕೆಲಸಕ್ಕೆ ನಿಲ್ಲುತ್ತದೆ.

ಪೈಲಟ್ ಆಗಲು ಹೊರಟ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು: ಆಯಿಲ್ ಬದಲಿಸುವ ದಿನ ಮೆಕ್ಯಾನಿಕ್ ಪಕ್ಕದಲ್ಲಿ ನಿಲ್ಲಿ. ಕತ್ತರಿಸಿದ ಫಿಲ್ಟರನ್ನು ಬೆಳಕಿಗೆ ಹಿಡಿದು ನೀವೇ ಒಮ್ಮೆ ನೋಡಿ.