ನೋವು ನೀಗಲು ರಕ್ತನಾಳಕ್ಕೆ ಸೂಜಿಯೇ ಬೇಕೆ?

ಗಾಯಕ್ಕೆ ಹೊಲಿಗೆ ಹಾಕುವುದು, ಕುರುವನ್ನು ಕೊಯ್ಯುವುದು, ಸರಿದ ಕೀಲನ್ನು ಕೂಡಿಸುವುದು, ಹಲ್ಲು ಕೀಳುವುದು ಮೊದಲಾದವು ವೈದ್ಯರ ಲೆಕ್ಕದಲ್ಲಿ ಸಣ್ಣ ಚಿಕಿತ್ಸೆಗಳು. ಆದರೆ ಅವುಗಳಿಗೆ ಮೈಯೊಡ್ಡುವ ರೋಗಿಗೆ ನೋವು ಸಣ್ಣದೆನಿಸುವುದಿಲ್ಲ. ರಕ್ತನಾಳದೊಳಗೆ ಔಷಧವನ್ನೇರಿಸಿ ಮೈಮರೆಸುವುದು, ಇಲ್ಲವಾದರೆ ಹಲ್ಲುಕಚ್ಚಿ ಸಹಿಸಿಕೊಳ್ಳುವುದು, ಇವೆರಡೇ ಮಾರ್ಗಗಳೆಂದು ಅನೇಕರು ತಿಳಿದಿರುವುದುಂಟು. ಇವೆರಡರ ನಡುವೆ ಬೇರೆ ಮಾರ್ಗಗಳೂ ಇವೆ.

ಅವುಗಳಲ್ಲಿ ಹಳೆಯದು ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡ್. ಶಸ್ತ್ರಚಿಕಿತ್ಸೆಯಲ್ಲಿ ಇದು ಉಪಯೋಗಕ್ಕೆ ಬರಬಹುದೆಂದು ಇಂಗ್ಲೆಂಡಿನ ಹಂಫ್ರಿ ಡೇವಿ 1800ರಲ್ಲೇ ಬರೆದಿದ್ದನು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಈ ಅನಿಲವನ್ನು ಸೇವಿಸಿ ತನ್ನದೇ ಹಲ್ಲನ್ನು ಕೀಳಿಸಿಕೊಂಡನು. ಇಂದು ಇದನ್ನು ಸಮಪ್ರಮಾಣದ ಆಮ್ಲಜನಕದೊಡನೆ ಬೆರೆಸಿ ಕೊಡುತ್ತಾರೆ. ರೋಗಿಯು ಮಾಸ್ಕನ್ನು ತಾನೇ ಹಿಡಿದು ಉಸಿರೆಳೆಯಬೇಕು. ಮಂಪರು ಹೆಚ್ಚಿದರೆ ಕೈ ತಾನಾಗಿ ಜಾರಿ ಅನಿಲವು ನಿಲ್ಲುತ್ತದೆ. ಪರಿಣಾಮವು ಬೇಗನೆ ಕಾಣಿಸಿಕೊಂಡು, ಬೇಗನೆ ಇಳಿಯುತ್ತದೆ. ಪ್ರಸವವೇದನೆಗೂ ಇದನ್ನು ಬಳಸುವುದುಂಟು. ಆದರೆ ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಇದು ಹಿಗ್ಗಿಸುವುದರಿಂದ, ಕರುಳು ಕಟ್ಟಿಕೊಂಡವರಿಗೂ ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ತುಂಬಿದವರಿಗೂ ಸಲ್ಲದು.

ಎರಡನೆಯ ಮಾರ್ಗವೆಂದರೆ ಆ ಭಾಗವನ್ನು ಮಾತ್ರ ಮರಗಟ್ಟಿಸುವುದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದನು. 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದ ಲಿಗ್ನೊಕೇನ್ ಇಂದಿಗೂ ದಂತವೈದ್ಯರ ಬಲಗೈಯಾಗಿದೆ. ಇದನ್ನು ಚರ್ಮದಡಿ ಚುಚ್ಚುವಾಗ ಉರಿಯುವುದುಂಟು; ಔಷಧವನ್ನು ಮೈಬಿಸಿಯಷ್ಟು ಬೆಚ್ಚಗೆ ಮಾಡಿ ನಿಧಾನವಾಗಿ ಕೊಟ್ಟರೆ ಆ ಉರಿಯೂ ತಗ್ಗುತ್ತದೆ. ಲಿಗ್ನೊಕೇನ್, ಪ್ರಿಲೊಕೇನ್ ಬೆರೆತ ಮುಲಾಮನ್ನು ಚರ್ಮಕ್ಕೆ ಹಚ್ಚಿ ಮುಚ್ಚಿಟ್ಟರೆ ಚುಚ್ಚುವ ನೋವೇ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಸುಮಾರು ಒಂದು ಗಂಟೆ ಬೇಕು. ಆದುದರಿಂದ ಮುಂಚಿತವಾಗಿಯೇ ಕೇಳುವುದು ಒಳಿತು. ವೈದ್ಯರ ಸಲಹೆಯಿಲ್ಲದೆ ಶಿಶುಗಳಿಗೆ ಇದನ್ನು ಹಚ್ಚಬಾರದು.

ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ನವಜಾತ ಶಿಶುವಿಗೆ ನೋವು ತಿಳಿಯದೆಂದು ಒಂದು ಕಾಲದಲ್ಲಿ ವೈದ್ಯರೇ ಅನೇಕರು ನಂಬಿದ್ದರು. 1987ರಲ್ಲಿ ಭಾರತ ಸಂಜಾತ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯು ಆ ನಂಬಿಕೆಯನ್ನು ಅಲುಗಿಸಿತು. ಇಂದು ರಕ್ತಪರೀಕ್ಷೆಗಾಗಿ ಶಿಶುವಿನ ಹಿಮ್ಮಡಿಯನ್ನು ಚುಚ್ಚುವ ಸುಮಾರು ಎರಡು ನಿಮಿಷ ಮೊದಲು ಆಸ್ಪತ್ರೆಯವರು ನಾಲಿಗೆಗೆ ಸಕ್ಕರೆ ದ್ರಾವಣದ ಹನಿಗಳನ್ನು ಹಾಕುವುದುಂಟು. ಲಸಿಕೆ ಹಾಕುವಾಗ ತಾಯಿ ಎದೆಹಾಲುಣಿಸುತ್ತಿದ್ದರೆ ಮಗುವಿನ ನೋವು ತಗ್ಗುತ್ತದೆ. ಕೈ ಮುರಿದುಕೊಂಡು ಬಂದ ಬಾಲಕನಿಗೆ ಫೆಂಟನಿಲ್ ಎಂಬ ಪ್ರಬಲ ಔಷಧವನ್ನು ಮೂಗಿನೊಳಗೆ ತುಂತುರಾಗಿ ಸಿಂಪಡಿಸುವ ಪದ್ಧತಿಯೂ ಇದೆ. ಇದು ಉಸಿರಾಟವನ್ನು ಕುಂದಿಸಬಲ್ಲುದಾದ ಕಾರಣ ಆಸ್ಪತ್ರೆಯ ನಿಗಾ ಅವಶ್ಯಕ.

ಎಲ್ಲ ಆಸ್ಪತ್ರೆಗಳಲ್ಲಿಯೂ ಇವೆಲ್ಲ ದೊರೆಯಲಾರವು. ಆದರೆ ಕೇಳದೆ ಇದ್ದರೆ ಇರುವುದೂ ದೊರೆಯದೆ ಹೋಗಬಹುದು. ಪರಭಾಷೆಯ ನಗರಗಳಲ್ಲಿ ನೆಲೆಸಿದ ನಮ್ಮವರು, ಮಾತು ತಡವರಿಸೀತೆಂದು ವೈದ್ಯರೆದುರು ಮೌನವಾಗಿರುವುದನ್ನು ಕಾಣುತ್ತೇವೆ. "ನೋವಾಗದಂತೆ ಮೊದಲು ಏನು ಕೊಡುವಿರಿ?" ಎಂಬ ಒಂದು ಪ್ರಶ್ನೆಯನ್ನು ಊರಿನ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಲಿ. ಹಿಂದೆ ಯಾವ ಔಷಧ ಒಗ್ಗಲಿಲ್ಲ, ಈಗ ಏನು ಸೇವಿಸುತ್ತಿದ್ದೇವೆ ಎಂಬುದನ್ನೂ ಅದರೊಡನೆ ತಿಳಿಸಲಿ.